ಒಂದೇ ಬಾಟಲಿ ಎಲ್ಲ ಡಿಫ್ಯೂಸರಿಗೂ ಆಗುವುದಿಲ್ಲ

ಅಂಗಡಿಯಲ್ಲಿ ಮೂಸಿದಾಗ ಮನಸ್ಸು ಸೆಳೆದ ಪರಿಮಳದ ಎಣ್ಣೆಯನ್ನು ಮನೆಗೆ ತಂದು ಡಿಫ್ಯೂಸರಿಗೆ, ಅಂದರೆ ಕೋಣೆಗೆ ಘಮ ಹರಡುವ ಸಾಧನಕ್ಕೆ, ಹಾಕಿದರೆ ಘಮವೇ ಇಲ್ಲ ಎನ್ನುವ ದೂರು ತುಂಬ ಸಾಮಾನ್ಯ. ಅದರ ಬೆನ್ನಿಗೇ ಬರುವ ಇನ್ನೊಂದು ದೂರು: ಮೆಷಿನ್ ತಂದು ಇನ್ನೂ ಹೆಚ್ಚು ದಿನ ಆಗಿಲ್ಲ, ಆಗಲೇ ಮಂಜು ಬರುವುದು ನಿಂತಿದೆ. ಬಹಳ ಸಲ ಎಣ್ಣೆಯೂ ಸರಿಯಾಗಿರುತ್ತದೆ, ಯಂತ್ರವೂ ಸರಿಯಾಗಿರುತ್ತದೆ. ಜೋಡಿ ಮಾತ್ರ ಹೊಂದಿರುವುದಿಲ್ಲ. ನಾವು ಎಣ್ಣೆಯನ್ನು ವಾಸನೆ ನೋಡಿ ಕೊಳ್ಳುತ್ತೇವೆ. ಡಿಫ್ಯೂಸರಿಗೆ ಬೇಕಿರುವ ವಿವರ ಬೇರೆ. ಎಣ್ಣೆ ಎಷ್ಟು ತೆಳು, ಎಷ್ಟು ಬೇಗ ಆವಿಯಾಗುತ್ತದೆ, ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ, ಆರಿದ ಮೇಲೆ ಹಿಂದೆ ಏನು ಉಳಿಸಿಹೋಗುತ್ತದೆ, ಇವು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮಾರುಕಟ್ಟೆಯಲ್ಲಿ ಸಿಗುವ ಬಾಟಲಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಎಸೆನ್ಶಿಯಲ್ ಆಯಿಲ್ ಎಂದರೆ ಗಿಡದ ಎಲೆ, ತೊಗಟೆ, ಬೇರು, ಹೂವಿನಿಂದ ಬಟ್ಟಿ ಇಳಿಸಿದ್ದು, ಕಿತ್ತಳೆ ಜಾತಿಯಲ್ಲಾದರೆ ಸಿಪ್ಪೆಯಿಂದ ಹಿಂಡಿದ್ದು. ಫ್ರೇಗ್ರೆನ್ಸ್ ಆಯಿಲ್ ಎಂದರೆ ಪ್ರಯೋಗಾಲಯದ ಪರಿಮಳ ವಸ್ತುಗಳನ್ನು, ಕೆಲವೊಮ್ಮೆ ಸ್ವಲ್ಪ ಸಹಜ ಎಣ್ಣೆಯನ್ನೂ ಸೇರಿಸಿ ಮಾಡಿದ ಮಿಶ್ರಣ. ಅತ್ತರು ಹಿಂದೆ ಶ್ರೀಗಂಧದೆಣ್ಣೆಯ ಮೇಲೆ ಹೂವಿನ ಆವಿಯನ್ನು ಇಳಿಸಿ ಮಾಡುವಂಥದ್ದು. ಉತ್ತರ ಪ್ರದೇಶದ ಕನೌಜಿನಲ್ಲಿ ಈಗಲೂ ತಾಮ್ರದ ಹಂಡೆಯಲ್ಲಿ ಹಾಗೆ ಇಳಿಸುವವರಿದ್ದಾರೆ. ಆದರೆ ಕಡಿಮೆ ಬೆಲೆಯ ಅತ್ತರಿನಲ್ಲಿ ಪರಿಮಳ ಬೆರೆಸುವ ತಳದ ದ್ರವವಾಗಿ ಇಂದು ಗಂಧದೆಣ್ಣೆಯ ಬದಲು ಲಿಕ್ವಿಡ್ ಪ್ಯಾರಾಫಿನ್ ಅಥವಾ ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ) ಇರುವುದೇ ಹೆಚ್ಚು. ನಾಲ್ಕನೆಯದು ಅಗರಬತ್ತಿ ಕಾಂಪೌಂಡ್, ಅಂದರೆ ಕಚ್ಚಾ ಬತ್ತಿಗೆ ಘಮ ಕೊಡುವ ಪರಿಮಳದ ಮಿಶ್ರಣ. ಬೆಂಗಳೂರು, ಮೈಸೂರಿನ ಅಗರಬತ್ತಿ ಉದ್ಯಮದ ದೆಸೆಯಿಂದ ನಮ್ಮಲ್ಲಿ ಇದು ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಡಿಫ್ಯೂಸರಿಗೆ ಅದನ್ನು ಹಾಕುವ ಆಸೆಯೂ ಸಹಜ. ಯಾಕೆ ಹಾಕಬಾರದು ಎಂಬುದನ್ನು ಮುಂದೆ ಹೇಳುತ್ತೇನೆ.

ಸಹಜ ಎಣ್ಣೆಯೇ ಶ್ರೇಷ್ಠ, ಉಳಿದದ್ದು ಕಲಬೆರಕೆ ಎಂಬ ನಂಬಿಕೆ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಅದನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ನಾಜೂಕಿನ ಪರಿಮಳ ಶಾಖಕ್ಕೆ ಹಾಳಾಗುತ್ತದೆ. ಹಾಗಾಗಿ ದ್ರಾವಕದಲ್ಲಿ ಸಾರ ತೆಗೆದು, ಮೇಣ ಬೇರ್ಪಡಿಸಿ ‘ಆಬ್ಸಲ್ಯೂಟ್’ ಮಾಡುತ್ತಾರೆ. ಅದು ದುಬಾರಿ, ಮಂದ, ಬಣ್ಣದ್ದು. ‘ಶುದ್ಧ ಮಲ್ಲಿಗೆ ಎಸೆನ್ಶಿಯಲ್ ಆಯಿಲ್’ ಎಂದು ಇನ್ನೂರು ರೂಪಾಯಿಗೆ ಸಿಗುವುದರಲ್ಲಿ ನಿಜವಾದ ಮಲ್ಲಿಗೆ ಇರಲು ಸಾಧ್ಯವೇ ಇಲ್ಲ. ಗುಲಾಬಿಯದ್ದೂ ಅದೇ ಕತೆ: ಒಂದು ಕಿಲೋ ಎಣ್ಣೆಗೆ ಮೂರು ಸಾವಿರ ಕಿಲೋಗೂ ಹೆಚ್ಚು ಹೂವಿನ ಪಕಳೆ ಬೇಕು. ಶ್ರೀಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ, ಅಂದರೆ ಹತ್ತು ಮಿಲಿ ಬಾಟಲಿಗೆ ಸಾವಿರಕ್ಕೂ ಮೇಲೆ. ಈ ಮೂರರ ಘಮ ದಿನವೂ ಮನೆ ತುಂಬ ಬೇಕೆಂದರೆ ಒಳ್ಳೆಯ ಫ್ರೇಗ್ರೆನ್ಸ್ ಆಯಿಲ್ ಕೊಳ್ಳುವುದೇ ಪ್ರಾಮಾಣಿಕವಾದ, ಜಾಣತನದ ಆಯ್ಕೆ. ನೀಲಗಿರಿ, ನಿಂಬೆಹುಲ್ಲು, ಸಿಟ್ರೊನೆಲ್ಲಾ, ಲವಂಗ, ಕಿತ್ತಳೆ ಇಂಥವು ಸಹಜವಾದದ್ದೇ ಕೈಗೆಟಕುವ ಬೆಲೆಗೆ ಸಿಗುತ್ತವೆ. ಅಲ್ಲಿ ಕೃತಕಕ್ಕೆ ಹೋಗುವ ಅಗತ್ಯವೇ ಇಲ್ಲ.

ಬಾಟಲಿಯೊಳಗೆ ಏನಿದೆ ಎಂದು ಲೇಬಲ್ ಹೇಳದಿದ್ದರೂ ಅಡುಗೆಮನೆಯಲ್ಲೇ ಮೂರು ಪರೀಕ್ಷೆ ಮಾಡಿ ತಿಳಿಯಬಹುದು. ಮೊದಲನೆಯದಕ್ಕೆ ಏನೂ ಬೇಡ, ಬಾಟಲಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ಎಣ್ಣೆ ನೀರಿನಷ್ಟೇ ಸರಾಗವಾಗಿ ಹರಿದರೆ ತೆಳು. ನೀಲಗಿರಿ, ನಿಂಬೆ, ಲ್ಯಾವೆಂಡರ್ ಹಾಗಿರುತ್ತವೆ. ಗಾಜಿಗೆ ಅಂಟಿಕೊಂಡು ನಿಧಾನವಾಗಿ ತೆವಳಿದರೆ ಮಂದ. ಶ್ರೀಗಂಧ, ಲಾವಂಚ, ಪಚೋಲಿ ಈ ಸಾಲಿನವು. ಎರಡನೆಯದು ನೀರಿನ ಲೋಟ. ಗಾಜಿನ ಲೋಟದ ತುಂಬ ನೀರಿಟ್ಟು ಒಂದು ಹನಿ ಬಿಡಿ. ಹೆಚ್ಚಿನ ಎಸೆನ್ಶಿಯಲ್ ಆಯಿಲ್‌ಗಳು ಮೇಲ್ಮೈಯಲ್ಲಿ ತೆಳ್ಳಗೆ ಹರಡಿಕೊಳ್ಳುತ್ತವೆ. ಲವಂಗದೆಣ್ಣೆಯ ಹನಿ ಕ್ಷಣ ಕಾಲ ಮೇಲೆ ನಿಂತು, ದುಂಡಗಾಗಿ, ತಳಕ್ಕೆ ಇಳಿದು ಕೂರುತ್ತದೆ, ಏಕೆಂದರೆ ಅದು ನೀರಿಗಿಂತ ಭಾರ. ಚಕ್ಕೆಯ ತೊಗಟೆಯ ಎಣ್ಣೆಯೂ ಹಾಗೇ. ಹನಿ ಬಿದ್ದೊಡನೆ ಹಾಲಿನ ಬಿಳುಪಿನ ಎಳೆ ಬಿಟ್ಟು ನೀರಿನಲ್ಲಿ ಬೆರೆತರೆ ಅದರಲ್ಲಿ ಡಿಪಿಜಿಯಂಥ ನೀರಿಗೆ ಸೇರುವ ತಳ ಅಥವಾ ಎಣ್ಣೆ-ನೀರು ಬೆರೆಸುವ ಸಾಬೂನಿನ ಜಾತಿಯ ವಸ್ತು ಇದೆ. ದಪ್ಪ ಮಣಿಯಂತೆ ತೇಲಿ, ಕಲಕಿದರೂ ಮತ್ತೆ ಒಂದಾದರೆ ಕೊಬ್ಬರಿ, ಬಾದಾಮಿ ಥರದ ಎಣ್ಣೆಯೋ ಪ್ಯಾರಾಫಿನ್ನೋ ಬೆರೆತಿದೆ ಎಂಬ ಗುಮಾನಿ ಬರಬೇಕು.

ಅದನ್ನು ಖಚಿತ ಮಾಡುವುದು ಮೂರನೆಯ ಪರೀಕ್ಷೆ. ಜೆರಾಕ್ಸ್ ಹಾಳೆಯ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಹಾಗೇ ಇಡಿ. ನೀಲಗಿರಿ ಇದ್ದ ಗುರುತೇ ಇಲ್ಲದಂತೆ ಆರಿಹೋಗುತ್ತದೆ; ಹಿಂಡಿ ತೆಗೆದ ಕಿತ್ತಳೆ ಎಣ್ಣೆ ಸ್ವಲ್ಪ ಹಳದಿ ಉಳಿಸಬಹುದು. ಬೋಂಡಾ ಇಟ್ಟ ಪೇಪರಿನಂತೆ ಬೆಳಕು ತೂರುವ ಜಿಡ್ಡಿನ ಕಲೆ ಉಳಿದರೆ ಅದರಲ್ಲಿ ಆವಿಯಾಗದ ಎಣ್ಣೆ ಸೇರಿದೆ. ಶ್ರೀಗಂಧ, ಲಾವಂಚ, ಪಚೋಲಿಗೆ ಮಾತ್ರ ಈ ಪರೀಕ್ಷೆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಅವುಗಳ ಕಲೆ ದಿನಗಟ್ಟಲೆ ನಿಲ್ಲುತ್ತದೆ. ಅದು ಅವುಗಳ ಗುಣವೇ ಹೊರತು ದೋಷವಲ್ಲ.

ಆವಿಯಾಗುವ ವೇಗದ ಅಂತರ ಎಷ್ಟೆಂದು ಅಂಕಿಯಲ್ಲಿ ನೋಡಿದರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಕಿತ್ತಳೆ, ನಿಂಬೆ ಸಿಪ್ಪೆಯ ಲಿಮೋನಿನ್ ಮತ್ತು ನೀಲಗಿರಿಯ ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲ್ಯಾವೆಂಡರಿನ ಲಿನಲೂಲ್ 198ರಲ್ಲಿ, ಲವಂಗದ ಯೂಜೆನಾಲ್ 254ರಲ್ಲಿ, ಶ್ರೀಗಂಧದ ಸ್ಯಾಂಟಲಾಲ್ 300 ದಾಟಿದ ಮೇಲೆ. ಮನೆಯಲ್ಲಿ ಯಾರೂ ಇವನ್ನು ಕುದಿಸುವುದಿಲ್ಲ, ಆದರೆ ಸಾಧಾರಣ ಬಿಸಿಯಲ್ಲಿ ಆವಿಯಾಗುವುದೂ ಸುಮಾರು ಇದೇ ಸರದಿಯಲ್ಲಿ. ನಿಂಬೆ ಬೇಗ ಬಂದು ಬೇಗ ಹೋಗುತ್ತದೆ, ಗಂಧ ತಡವಾಗಿ ಬಂದು ಉಳಿಯುತ್ತದೆ.

ಈಗ ಯಂತ್ರಗಳಿಗೆ ಬರೋಣ. ಹೆಚ್ಚಿನ ಮನೆಗಳಲ್ಲಿರುವುದು ನೀರು ಹಾಕುವ ಅಲ್ಟ್ರಾಸಾನಿಕ್ ಡಿಫ್ಯೂಸರ್. ತೊಟ್ಟಿಯ ತಳದಲ್ಲಿ ಎರಡು ಸೆಂಟಿಮೀಟರಿನಷ್ಟು ಅಗಲದ ಸಣ್ಣ ಬಿಲ್ಲೆ ಇರುತ್ತದೆ, ವಿದ್ಯುತ್ ಹಾಯಿಸಿದರೆ ಕಂಪಿಸುವ ಪೀಜೊ ಸೆರಾಮಿಕ್‌ನದ್ದು. ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ, ಕೆಲವು ಮಾದರಿಗಳಲ್ಲಿ 24 ಲಕ್ಷ ಸಲ ಕಂಪಿಸುತ್ತದೆ. ಆ ಕಂಪನಕ್ಕೆ ನೀರಿನ ಮೇಲ್ಮೈ ಪುಟ್ಟ ಬುಗ್ಗೆಯಂತೆ ಎದ್ದು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ, ಕೆಳಗಿನ ಫ್ಯಾನ್ ಅದನ್ನು ಹೊರಗೆ ತಳ್ಳುತ್ತದೆ. ಬಿಸಿ ಎಲ್ಲೂ ಇಲ್ಲ. ಎಣ್ಣೆ ಮೇಲೆ ತೇಲುತ್ತಿರುವಾಗ ನೀರಿನ ಜತೆಗೇ ಒಡೆದು ಹೋಗಬೇಕು. ಹೀಗಾಗಿ ಇದಕ್ಕೆ ಬೇಕಾದ್ದು ತೆಳುವಾದ, ನೀರಿಗಿಂತ ಹಗುರವಾದ, ಜಿಡ್ಡು ಬಿಡದ ಎಣ್ಣೆ. ಲ್ಯಾವೆಂಡರ್, ನೀಲಗಿರಿ, ನಿಂಬೆಹುಲ್ಲು, ಪುದೀನ, ಜೆರೇನಿಯಂ ಎಲ್ಲ ಸರಿ. ತೆಳುವಾದ ಫ್ರೇಗ್ರೆನ್ಸ್ ಆಯಿಲ್ ಕೂಡ ಆದೀತು, ಅದರ ತಳ ಯಾವುದೆಂದು ನೀರಿನ ಲೋಟದಲ್ಲಿ ನೋಡಿಕೊಂಡಿದ್ದರೆ.

ಅಳತೆ 100 ಮಿಲಿ ನೀರಿಗೆ 3ರಿಂದ 5 ಹನಿ. 300 ಮಿಲಿ ತೊಟ್ಟಿಗೆ 8ರಿಂದ 12 ಸಾಕು. ಘಮ ಕಡಿಮೆ ಎನಿಸಿತೆಂದು ಇಪ್ಪತ್ತು ಹನಿ ಸುರಿದರೆ ಘಮ ಹೆಚ್ಚುವ ಬದಲು ಮಂಜೇ ಕುಗ್ಗುತ್ತದೆ. ದಪ್ಪಗಾದ ಎಣ್ಣೆಯ ಪದರ ಆ ಪುಟ್ಟ ಬುಗ್ಗೆಯನ್ನು ಅದುಮಿಬಿಡುತ್ತದೆ. ಉಳಿದ ಎಣ್ಣೆ ಬಿಲ್ಲೆಯ ಮೇಲೆ, ರಬ್ಬರ್ ವಾಷರಿನ ಸುತ್ತ ಅಂಟಾಗಿ ಕೂರುತ್ತದೆ. ವಾಷರ್ ಉಬ್ಬಿತೆಂದರೆ ನೀರು ಕೆಳಗಿನ ಸರ್ಕ್ಯೂಟಿಗೆ ಇಳಿಯುತ್ತದೆ. ಮೆಷಿನ್ ಸತ್ತಿತು ಎನ್ನುವ ಎಷ್ಟೋ ಪ್ರಕರಣಗಳ ಹಿಂದಿರುವುದು ಇದೇ. ಲವಂಗ, ಚಕ್ಕೆ ಎಣ್ಣೆ ಹಾಕಲೇಬೇಕೆಂದರೆ ಒಂದೇ ಹನಿ, ಅದೂ ಕಿತ್ತಳೆಯಂಥ ಹಗುರ ಎಣ್ಣೆಯೊಂದಿಗೆ ಮೊದಲೇ ಬೆರೆಸಿ. ಇಲ್ಲದಿದ್ದರೆ ಹನಿ ಮುಳುಗಿ ನೇರ ಬಿಲ್ಲೆಯ ಮೇಲೇ ಹೋಗಿ ಕೂರುತ್ತದೆ. ಕೊಬ್ಬರಿ, ಎಳ್ಳು, ಬಾದಾಮಿ ಎಣ್ಣೆ ಸೇರಿದ ಯಾವುದನ್ನೂ ಇದಕ್ಕೆ ಹಾಕಬಾರದು.

ಕಿತ್ತಳೆ, ನಿಂಬೆ ಎಣ್ಣೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಲಿಮೋನಿನ್ ಒಳ್ಳೆಯ ದ್ರಾವಕ. ಥರ್ಮಾಕೋಲನ್ನು ಕರಗಿಸುತ್ತದೆ, ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ತೊಟ್ಟಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದೋ ಪಿಪಿ ಎಂದೋ ಇದ್ದರೆ ಪಾಲಿಪ್ರೊಪಿಲೀನ್, ಚಿಂತೆಯಿಲ್ಲ. ಆ ಗುರುತಿಲ್ಲದ, ಗಾಜಿನಂತೆ ಹೊಳೆಯುವ ಗಟ್ಟಿ ಪ್ಲಾಸ್ಟಿಕ್ಕಿನ ತೊಟ್ಟಿಯಾದರೆ ನಿಂಬೆ ಜಾತಿಯನ್ನು ದೂರವಿಡುವುದು ಲೇಸು. ಸಣ್ಣ ಬಿರುಕುಗಳು ಬಲೆಯಂತೆ ಹಬ್ಬುತ್ತವೆ.

ಎಣ್ಣೆಯಷ್ಟೇ ಮುಖ್ಯ ನೀರು. ಈ ಯಂತ್ರ ನೀರನ್ನು ಕುದಿಸಿ ಆವಿ ಮಾಡುವುದಿಲ್ಲ, ನೀರಿನಲ್ಲಿ ಇರುವುದನ್ನೆಲ್ಲ ಸೇರಿಸಿಯೇ ಗಾಳಿಗೆ ಎಸೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಅದರ ಸುಣ್ಣ ಬಿಳಿ ಪುಡಿಯಾಗಿ ಟಿವಿ ಪರದೆಯ ಮೇಲೆ, ಕಪ್ಪು ಮೇಜಿನ ಮೇಲೆ ಕೂರುತ್ತದೆ, ಉಸಿರಿಗೂ ಹೋಗುತ್ತದೆ, ಬಿಲ್ಲೆಯ ಮೇಲೆ ಹೊರಪದರವೂ ಕಟ್ಟುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಚೆನ್ನಾಗಿ ಬಾಳಿಕೆ ಬರುವ ಮೆಷಿನ್, ಟ್ಯಾಂಕರ್ ನೀರಿನ ಮನೆಯಲ್ಲಿ ಬೇಗ ಮಂಕಾಗುವುದಕ್ಕೆ ಈ ಸುಣ್ಣವೇ ಕಾರಣ. ಆರ್‌ಒ ನೀರು ಹಾಕಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲ ನಿಜ, ಆದರೆ ಕಾಯಿಲಿನ ಧೂಳು, ಬೂಷ್ಟು ಅದರಲ್ಲಿರುತ್ತದೆ. ಅದು ಮೂಗಿಗೆ ಹೋಗುವ ಕೆಲಸಕ್ಕೆ ಬೇಡ. ಬ್ಯಾಟರಿಗೆಂದು ಕ್ಯಾನಿನಲ್ಲಿ ಮಾರುವ ನೀರೂ ಬೇಡ.

ತೊಳೆಯುವ ಕ್ರಮ ಹೀಗಿದೆ. ಪ್ಲಗ್ ತೆಗೆದ ಮೇಲೆ ನೀರನ್ನು ಗಾಳಿ ಬರುವ ತೂತಿನ ಎದುರು ದಿಕ್ಕಿನಿಂದ ಚೆಲ್ಲಿ. ಬಹುತೇಕ ತೊಟ್ಟಿಗಳಲ್ಲಿ ಒಂದು ಬದಿಗೆ ಗಾಳಿಯ ಕೊಳವೆ ಇರುತ್ತದೆ. ಆ ಕಡೆ ಓರೆ ಮಾಡಿದರೆ ನೀರು ಸೀದಾ ಫ್ಯಾನಿಗೆ ಇಳಿದು ಅಲ್ಲಿಗೆ ಮೆಷಿನಿನ ಆಯಸ್ಸು ಮುಗಿಯಿತು. ನಿಂತ ನೀರನ್ನು ದಿನವೂ ಚೆಲ್ಲಿ ಒರೆಸಿಡಬೇಕು, ಇಲ್ಲದಿದ್ದರೆ ಲೋಳೆ ಕಟ್ಟಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಮರುದಿನ ನಾವು ಅದನ್ನೇ ಮಂಜು ಮಾಡಿ ಉಸಿರಾಡುತ್ತೇವೆ. ವಾರಕ್ಕೊಮ್ಮೆ 100 ಮಿಲಿ ನೀರಿಗೆ 10 ಮಿಲಿ ಬಿಳಿ ವಿನೆಗರ್ ಬೆರೆಸಿ ತೊಟ್ಟಿಯಲ್ಲಿ ಕಾಲು ಗಂಟೆ ಬಿಟ್ಟು ಚೆಲ್ಲಿ, ಸುಣ್ಣ ಬಿಡುತ್ತದೆ. ಎಣ್ಣೆಯ ಅಂಟಿಗೆ ವಿನೆಗರ್ ಸಾಲದು, ಇಯರ್ ಬಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಬಿಲ್ಲೆಯ ಮೇಲೆ ಹಗುರವಾಗಿ ಸುತ್ತಿಸಿ ಒರೆಸಬೇಕು. ಚಾಕು, ಸ್ಟೀಲ್ ನಾರು, ಉಗುರು ಯಾವುದೂ ತಾಗಕೂಡದು. ಮೇಲಿನ ಲೇಪ ಗೀಚಿಹೋದರೆ ಮಂಜು ಮತ್ತೆ ಮೊದಲಿನಂತಾಗದು.

ಮಳೆಗಾಲದ ಮಂಗಳೂರು, ಉಡುಪಿ, ಕಾರವಾರದಲ್ಲಿ ಈ ಯಂತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ. ಗೋಡೆಯೇ ಬೆವರುವ ದಿನಗಳಲ್ಲಿ ಮುಚ್ಚಿದ ಕೋಣೆಗೆ ಮತ್ತೆ ತೇವ ಸೇರಿಸುವುದು ಬೂಷ್ಟಿಗೆ ಅನ್ನ ಹಾಕಿದ ಹಾಗೆ. ಬೇಸಿಗೆಯ ರಾಯಚೂರು, ಕಲಬುರಗಿಯ ಒಣ ಹವೆಗೆ ಅದೇ ತೇವ ಹಿತ. ನಮ್ಮ ಕಡೆ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟುತ್ತಿದ್ದುದೂ ಇದೇ ಉಪಾಯ: ಒಣಗಾಳಿ ನೀರನ್ನು ಆವಿ ಮಾಡುವಾಗ ಬೇರಿನ ಪರಿಮಳವನ್ನೂ ಜತೆಗೆ ಹೊತ್ತು ತರುತ್ತದೆ, ಕೋಣೆಯೂ ತಂಪಾಗುತ್ತದೆ. ಆ ಊರುಗಳಲ್ಲಿ ಇಂದಿಗೂ ಅದಕ್ಕಿಂತ ಒಳ್ಳೆಯ ಡಿಫ್ಯೂಸರ್ ಇಲ್ಲವೆಂದೇ ನನ್ನ ಅಭಿಪ್ರಾಯ.

ನೆಬ್ಯುಲೈಜರ್ ಡಿಫ್ಯೂಸರಿಗೆ ನೀರೂ ಬೇಡ, ಬಿಸಿಯೂ ಬೇಡ. ಸಣ್ಣ ಪಂಪು ಕಿರಿದಾದ ಗಾಜಿನ ಮೂತಿಯಿಂದ ಗಾಳಿಯನ್ನು ರಭಸವಾಗಿ ಬಿಡುತ್ತದೆ, ಆ ರಭಸಕ್ಕೆ ಒತ್ತಡ ಇಳಿದು ಎಣ್ಣೆ ಮೇಲೇರಿ ಧೂಳಿನಷ್ಟು ಸಣ್ಣ ಹನಿಗಳಾಗುತ್ತದೆ. ಘಮ ಗಾಢ, ಎಣ್ಣೆಯ ಖರ್ಚೂ ಗಾಢ. ಬಿಡದೆ ನಡೆಸಿದರೆ ಬಾಟಲಿ ಕಣ್ಣೆದುರೇ ಇಳಿಯುತ್ತದೆ. ಎರಡು ನಿಮಿಷ ಓಡಿ ಕಾಲು ಗಂಟೆ ನಿಲ್ಲುವಂತೆ ಟೈಮರ್ ಇಡಬೇಕು. ಆ ಮೂತಿಯ ತೂತು ಕೂದಲೆಳೆಯಷ್ಟು ಕಿರಿದು. ಅದಕ್ಕೆ ಒಪ್ಪುವುದು ತೆಳುವಾದ ಶುದ್ಧ ಎಸೆನ್ಶಿಯಲ್ ಆಯಿಲ್ ಮಾತ್ರ. ಶ್ರೀಗಂಧ, ಲಾವಂಚ, ಪಚೋಲಿಯನ್ನು ಒಂಟಿಯಾಗಿ ಹಾಕಬೇಡಿ, ಹತ್ತು ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ ತೆಳು ಎಣ್ಣೆಯಲ್ಲಿ ಬೆರೆಸಿ. ಮಲ್ಲಿಗೆ ಆಬ್ಸಲ್ಯೂಟ್, ವೆನಿಲ್ಲಾ, ಲೋಬಾನದ ಅಂಟು ಸಾರ ಇವಕ್ಕೆ ಇಲ್ಲಿ ಪ್ರವೇಶವೇ ಇಲ್ಲ. ಡಿಪಿಜಿ ತಳದ ಫ್ರೇಗ್ರೆನ್ಸ್ ಆಯಿಲ್ ಹಾಕಿದರೆ ಸುತ್ತಲಿನ ಮೇಜು, ಗೋಡೆಯೆಲ್ಲ ಅಂಟಂಟು. ಮೂತಿ ಕಟ್ಟಿದರೆ ಗಾಜಿನ ಭಾಗ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಾಲು ಗಂಟೆ ನೆನೆಸಿ ಒಣಗಿಸಿ. ಆಲ್ಕೋಹಾಲನ್ನೇ ತುಂಬಿ ಮೆಷಿನ್ ಓಡಿಸುವವರಿದ್ದಾರೆ. ಹೊತ್ತಿಕೊಳ್ಳುವ ಮಂಜನ್ನು ಕೋಣೆಗೆ ತುಂಬಿಸುವ ಕೆಲಸ ಅದು, ಪಕ್ಕದಲ್ಲೇ ದೇವರ ದೀಪ ಉರಿಯುತ್ತಿರುವ ಮನೆಯಲ್ಲಂತೂ ಕೂಡದೇ ಕೂಡದು.

ರೀಡ್ ಡಿಫ್ಯೂಸರ್ ನೋಡಲು ಸರಳ, ಬಾಟಲಿಯಲ್ಲಿ ಕಡ್ಡಿ ಅಷ್ಟೇ. ಆದರೆ ಎಣ್ಣೆಯ ಆಯ್ಕೆ ಹೆಚ್ಚು ತಪ್ಪುವುದೂ ಇಲ್ಲೇ. ಕಡ್ಡಿಯೊಳಗಿನ ಸೂಕ್ಷ್ಮ ನಾಳಗಳ ಮೂಲಕ ದ್ರವ ತಾನಾಗಿ ಮೇಲೇರಬೇಕು, ತುದಿಯಲ್ಲಿ ಆವಿಯಾಗಬೇಕು, ಆವಿಯಾದಷ್ಟೂ ಕೆಳಗಿನಿಂದ ಹೊಸದು ಬರಬೇಕು. ಮೂರರಲ್ಲಿ ಒಂದು ನಿಂತರೂ ಘಮ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯಲ್ಲೋ ಬಾದಾಮಿ ಎಣ್ಣೆಯಲ್ಲೋ ಹನಿ ಬೆರೆಸಿ ಕಡ್ಡಿ ಅದ್ದಿದರೆ ಮೊದಲೆರಡು ದಿನ ಏನೋ ಬರುತ್ತದೆ. ಅಡುಗೆ ಎಣ್ಣೆ ಆವಿಯಾಗುವ ವಸ್ತುವಲ್ಲ. ನಾಳಗಳಲ್ಲಿ ತುಂಬಿಕೊಂಡು ಅಲ್ಲೇ ಕೂರುತ್ತದೆ, ಆಮೇಲೆ ಕಮಟು ಹಿಡಿಯುತ್ತದೆ. ವೋಡ್ಕಾ ಮತ್ತು ನೀರಿನ ಅಂತರ್ಜಾಲ ಪಾಕವೂ ನಿಲ್ಲದು: ಆಲ್ಕೋಹಾಲ್ ಕೆಲವೇ ದಿನದಲ್ಲಿ ಹಾರಿಹೋಗಿ ನೀರು ಒಂದು ಕಡೆ, ಎಣ್ಣೆ ಒಂದು ಕಡೆ ಉಳಿಯುತ್ತದೆ.

ಇದಕ್ಕೆಂದೇ ತಯಾರಾದ ಬೇಸ್, ಅಂದರೆ ಎಣ್ಣೆ ಬೆರೆಸುವ ತಳದ ದ್ರವ ಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವವು ಮೇಲೆ ಹೇಳಿದ ಡಿಪಿಜಿ, ಅದಕ್ಕಿಂತ ತೆಳುವಾಗಿ ಬೇಗ ಆರುವ ಡಿಪಿಎಂ (ಅದೇ ಗ್ಲೈಕಾಲಿನ ಮೀಥೈಲ್ ಈಥರ್), ಗ್ಲಿಸರಿನ್ ಮೂಲದ ‘ಆಗಿಯೊ’ ಎಂಬ ದ್ರಾವಕ. ಬರೀ ಡಿಪಿಜಿ ನಮ್ಮ ಚಳಿಗಾಲಕ್ಕೆ ಮಂದವಾಯಿತು, ಬರೀ ಡಿಪಿಎಂ ಬೇಸಿಗೆಗೆ ಬೇಗ ಮುಗಿಯಿತು ಎನಿಸುತ್ತದೆ. ಆಗಿಯೊ ಎರಡರ ನಡುವೆ, ವಾಸನೆಯೂ ಕಡಿಮೆ. ದುಡ್ಡು ಸ್ವಲ್ಪ ಹೆಚ್ಚಾದರೂ ನನ್ನ ಆಯ್ಕೆ ಅದೇ. ಹೆಸರಿಲ್ಲದ ಕ್ಯಾನಿನಲ್ಲಿ ‘ಗ್ಲೈಕಾಲ್’ ಎಂದಷ್ಟೇ ಹೇಳಿ ಕೊಡುವುದನ್ನು ತರಬೇಡಿ. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರವವೂ ಅದೇ ಹೆಸರಿನ ನೆರಳಲ್ಲಿ ಬರುತ್ತದೆ.

100 ಗ್ರಾಂ ಮಿಶ್ರಣಕ್ಕೆ 75 ಗ್ರಾಂ ಬೇಸ್, 25 ಗ್ರಾಂ ಫ್ರೇಗ್ರೆನ್ಸ್ ಆಯಿಲ್. ಹನಿ ಲೆಕ್ಕ ಇಲ್ಲಿ ಸಾಲದು, ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಶೇಕಡಾ 30 ದಾಟಿದರೆ ದ್ರವ ಮಂದವಾಗಿ ಕಡ್ಡಿ ಏರುವುದು ತಗ್ಗುತ್ತದೆ, ಅಂದರೆ ದುಬಾರಿ ಎಣ್ಣೆ ಸುರಿದು ಘಮ ಕಡಿಮೆ ಮಾಡಿಕೊಂಡ ಹಾಗಾಯಿತು. ಬೆರೆಸಿ, ಮುಚ್ಚಿ, ಎರಡು ದಿನ ಬಿಡಿ. ತಿಳಿಯಾಗಿದ್ದರೆ ಸರಿ. ಮಬ್ಬಾಗಿದ್ದರೆ ಅಥವಾ ತಳದಲ್ಲಿ ಪದರ ಕೂತಿದ್ದರೆ ಆ ಎಣ್ಣೆ ಆ ಬೇಸಿಗೆ ಒಗ್ಗಿಲ್ಲ. ಕಡ್ಡಿ ಹಾಕಿ ಫಲವಿಲ್ಲ. ವೆನಿಲ್ಲಾ ಸೇರಿದ ಮಿಶ್ರಣಗಳು ಕಂದು ಬಣ್ಣಕ್ಕೆ ತಿರುಗುವುದು ಸಹಜ, ಆದರೆ ಅವು ಕಡ್ಡಿಯನ್ನೂ ಬೇಗ ಕಟ್ಟಿಸುತ್ತವೆ. ಕಿತ್ತಳೆ ಒಂಟಿಯಾಗಿ ರೀಡಿನಲ್ಲಿ ನಿಲ್ಲುವುದಿಲ್ಲ. ಹೂವು, ಗಂಧ, ಕಸ್ತೂರಿಯ ಛಾಯೆ ಇರುವ ಮಿಶ್ರಣಗಳೇ ಇಲ್ಲಿ ಬಾಳುವುದು. ಹಾಗಾಗಿ ರೀಡಿಗೆ ಸಹಜ ಎಣ್ಣೆಗಿಂತ, ಈ ಕೆಲಸಕ್ಕೆಂದೇ ಹದ ಮಾಡಿದ ಫ್ರೇಗ್ರೆನ್ಸ್ ಆಯಿಲ್ ಮೇಲು.

ಅಗರಬತ್ತಿ ಕಾಂಪೌಂಡಿನ ಮಾತು ಇಲ್ಲಿ ಬರುತ್ತದೆ. ಆ ಉದ್ಯಮದಲ್ಲಿ ಕಚ್ಚಾ ಬತ್ತಿಯನ್ನು ಅದ್ದುವ ಮುನ್ನ ಪರಿಮಳವನ್ನು ಡಿಇಪಿ, ಅಂದರೆ ಡೈಎಥೈಲ್ ಥ್ಯಾಲೇಟ್ ಎಂಬ ದ್ರಾವಕದಲ್ಲಿ ತೆಳು ಮಾಡುವುದು ವಾಡಿಕೆ. ಡಿಇಪಿ ಕುದಿಯುವುದು 295 ಡಿಗ್ರಿಯ ಆಸುಪಾಸು. ಬತ್ತಿಯ ಕೆಂಡದ ಎದುರು ಅದು ಆವಿಯಾಗಿ ಪರಿಮಳವನ್ನು ಮೇಲೆತ್ತುತ್ತದೆ; ಕೋಣೆಯ ಬಿಸಿಗೆ ಬಾಟಲಿಯಲ್ಲಿ ಸುಮ್ಮನೆ ಕೂರುತ್ತದೆ. ಇನ್ನೂ ಒಂದಿದೆ: ಆ ಕಾಂಪೌಂಡನ್ನು ಕಟ್ಟಿರುವುದೇ ಉರಿದಾಗ ಹೇಗೆ ಘಮಿಸಬೇಕು ಎಂಬ ಲೆಕ್ಕದಲ್ಲಿ. ಉರಿಸದೆ ಮೂಸಿದರೆ ಅದೇ ‘ಚಂದನ’ ಒರಟಾಗಿ, ತಲೆಗೆ ಏರುವಂತೆ ಇರುತ್ತದೆ.

ಕಡ್ಡಿ ಬೆತ್ತದ್ದೇ ಆಗಬೇಕು, ಇಲ್ಲವೇ ಫೈಬರ್. ಅಗರಬತ್ತಿಯ ಕಡ್ಡಿ, ಕಬಾಬಿನ ಕಡ್ಡಿ ಬಿದಿರಿನವು. ಬೆತ್ತದಲ್ಲಿರುವಂತೆ ಈ ತುದಿಯಿಂದ ಆ ತುದಿಗೆ ತೆರೆದ ನಾಳ ಅದರಲ್ಲಿ ಸಿಗುವುದಿಲ್ಲ. ಕೊಂಡ ಕಡ್ಡಿ ಯಾವುದೆಂಬ ಅನುಮಾನವಿದ್ದರೆ ಒಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ ಇನ್ನೊಂದು ತುದಿಯನ್ನು ತುಟಿಗಿಟ್ಟು ಬಲವಾಗಿ ಊದಿ. ಬೆತ್ತವಾದರೆ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಗುಳ್ಳೆ ಬಾರದಿದ್ದರೆ ಅದು ಎಣ್ಣೆಯನ್ನೂ ಎಳೆಯದು. ಊದಿ ನೋಡಿದ ಕಡ್ಡಿ ಒದ್ದೆಯಾಗಿರುತ್ತದೆ, ಅದನ್ನು ಬಾಟಲಿಗೆ ಹಾಕಬೇಡಿ. ಮೂರು ಮಿಲಿಮೀಟರ್ ದಪ್ಪ, ಬಾಟಲಿಯ ಎತ್ತರದ ಎರಡರಷ್ಟು ಉದ್ದ ಇದ್ದರೆ ಸರಿ. 100 ಮಿಲಿ ಬಾಟಲಿಗೆ ಹಜಾರದಲ್ಲಿ ಏಳೆಂಟು ಕಡ್ಡಿ, ಬಾತ್‌ರೂಮಿನಲ್ಲಿ ನಾಲ್ಕು. ಹಾಕಿದ ಒಂದು ಗಂಟೆಗೆ ತಲೆಕೆಳಗು ಮಾಡಿ, ಆಮೇಲೆ ವಾರಕ್ಕೊಮ್ಮೆ ಸಾಕು. ಪೂರ್ಣ ಘಮ ಬರಲು ಒಂದು ದಿನ ಹಿಡಿಯುತ್ತದೆ. ಸಾಧಾರಣವಾಗಿ ಒಂದೂವರೆ ಎರಡು ತಿಂಗಳು ಬರುತ್ತದೆ. ನೇರ ಫ್ಯಾನಿನಡಿ ಅಥವಾ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಅಷ್ಟು ದಿನ ಬಾರದು. ಹೊಸ ಎಣ್ಣೆ ತುಂಬಿದಾಗ ಕಡ್ಡಿಯೂ ಹೊಸದಿರಲಿ, ಹಳೆಯದರ ನಾಳಗಳು ಧೂಳು, ಅಂಟಿನಿಂದ ಮುಚ್ಚಿಹೋಗಿರುತ್ತವೆ. ಬಾಟಲಿಯ ಕೆಳಗೆ ಸ್ಟೀಲ್ ತಟ್ಟೆಯೋ ಟೈಲ್ಸ್ ತುಂಡೋ ಇಡಿ. ಈ ದ್ರವ ಚೆಲ್ಲಿದರೆ ಮರದ ಪಾಲಿಶ್ ಎದ್ದು ಬರುತ್ತದೆ. ದೇವರ ಗೂಡಿನ ಪಕ್ಕ ಇಡಬೇಡಿ, ಅದು ಹೊತ್ತಿಕೊಳ್ಳುವ ದ್ರವ.

ಬೇರೆಲ್ಲ ಕಡೆ ತೊಂದರೆ ಕೊಟ್ಟ ಮಂದ ಎಣ್ಣೆಗಳಿಗೆ ನಿಜವಾದ ಮನೆ ಮೇಣದ ದೀಪದ ಬರ್ನರ್. ಮೇಲಿನ ಬಟ್ಟಲಿಗೆ 30–40 ಮಿಲಿ ನೀರು, 5ರಿಂದ 8 ಹನಿ ಎಣ್ಣೆ, ಕೆಳಗೆ ಟೀ ಲೈಟ್. ಬಿಸಿ ನೀರು ಶ್ರೀಗಂಧ, ಲಾವಂಚ, ಲವಂಗ, ದವನದಂಥವನ್ನು ನಿಧಾನವಾಗಿ ಎಬ್ಬಿಸುತ್ತದೆ. ಕರ್ನಾಟಕದಲ್ಲಿ ಬೆಳೆದು ಬಟ್ಟಿ ಇಳಿಸುವ ದವನದೆಣ್ಣೆಯ ಹಣ್ಣಿನಂಥ ಸಿಹಿ ಘಮ ಅರಳುವುದು ಇಂಥ ಬಿಸಿಯಲ್ಲೇ. ಎರಡು ಹನಿಯೇ ಸಾಕು. 1916ರಲ್ಲಿ ಮೈಸೂರು ಸಂಸ್ಥಾನ ಶ್ರೀಗಂಧದೆಣ್ಣೆ ಬಟ್ಟಿ ಇಳಿಸಲು ತೊಡಗಿದಾಗಿನಿಂದ ಹೆಸರಾದ ಆ ಎಣ್ಣೆಯನ್ನು ನೀರಿನ ಮಂಜಿಗೆ ಹಾಕಿ ಕಳೆಯುವುದು ನಷ್ಟವೇ ಸರಿ. ಒಂದು ಹನಿ, ಬೆಚ್ಚಗಿನ ಬಟ್ಟಲು, ಮುಚ್ಚಿದ ಬಾಗಿಲು ಇದ್ದರೆ ಆ ಘಮ ಸಂಜೆಯಿಡೀ ಇರುತ್ತದೆ. ಒಳ್ಳೆಯ ಅತ್ತರಿಗೂ ಇದೇ ಜಾಗ.

ಬರ್ನರಿನಲ್ಲಿ ಕೆಡುವುದು ಎರಡು ಕಾರಣಕ್ಕೆ. ಬಟ್ಟಲು ದೀಪಕ್ಕೆ ತೀರ ಹತ್ತಿರವಿದ್ದರೆ ನೀರು ಕುದಿದು ಬೇಗ ಬತ್ತುತ್ತದೆ. ಜ್ವಾಲೆಗೂ ಬಟ್ಟಲಿಗೂ ಏಳೆಂಟು ಸೆಂಟಿಮೀಟರ್ ಅಂತರವಿರುವುದನ್ನು ಕೊಳ್ಳಿ. ಟೀ ಲೈಟ್ ನಾಲ್ಕು ಗಂಟೆ ಉರಿಯುತ್ತದೆ, ಬಟ್ಟಲಿನ ನೀರು ಅಷ್ಟು ಹೊತ್ತು ಬರುವುದಿಲ್ಲ. ನೀರು ಬತ್ತಿದ ಮೇಲೆ ಎಣ್ಣೆ ಸುಟ್ಟು ಕಹಿ ಕಮಟು ಹೊಗೆ ಬರುತ್ತದೆ, ಉರಿ ಹತ್ತುವ ಅಪಾಯವೂ ಇದೆ. ಬತ್ತಿದ್ದು ಕಂಡೊಡನೆ ತಣ್ಣೀರು ಸುರಿದರೆ ಮಣ್ಣಿನ ಬಟ್ಟಲು ಸೀಳುತ್ತದೆ. ದೀಪ ಆರಿಸಿ, ತಣಿಯಲು ಬಿಟ್ಟು, ಆಮೇಲೆ ತುಂಬಿ.

ಸೊಳ್ಳೆ ಮೆಷಿನಿನ ಖಾಲಿ ಬಾಟಲಿಗೆ ಬೇವಿನೆಣ್ಣೆ, ಕರ್ಪೂರ ಅಥವಾ ಪರಿಮಳದ ಎಣ್ಣೆ ತುಂಬಿ ಪ್ಲಗ್ಗಿಗೆ ಹಾಕುವ ಉಪಾಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇದೆ. ಅದನ್ನು ಮಾಡಬೇಡಿ. ಆ ಬತ್ತಿಯನ್ನು ತಯಾರಿಸಿರುವುದು ಸೀಮೆಎಣ್ಣೆಯ ಜಾತಿಯ ತೆಳು ದ್ರಾವಕಕ್ಕೆ. ಬೇವಿನೆಣ್ಣೆ ಅದನ್ನು ಏರುವುದೇ ಇಲ್ಲ, ತುದಿಯಲ್ಲಿ ಕರಕಲಾಗುತ್ತದೆ. ಬಾಟಲಿಯಲ್ಲಿ, ಬತ್ತಿಯಲ್ಲಿ ಹಳೆಯ ಕೀಟನಾಶಕ ಉಳಿದಿರುತ್ತದೆ. ಆ ಹೀಟರಿನ ಬಿಸಿ ಕೂಡ ಆ ಒಂದು ದ್ರವಕ್ಕೆ ಲೆಕ್ಕ ಹಾಕಿದ್ದು. ಬೇಗ ಹೊತ್ತಿಕೊಳ್ಳುವ ಎಣ್ಣೆಯನ್ನು ರಾತ್ರಿಯಿಡೀ ಕಾಯುವವರಿಲ್ಲದೆ ಕಾಯಿಸುವುದು ಸಲ್ಲದು. ಪ್ಲಗ್-ಇನ್ ಬೇಕೆಂದರೆ ಅದೇ ಕಂಪನಿಯ ಪರಿಮಳದ ರೀಫಿಲ್ ತನ್ನಿ. ವಿದ್ಯುತ್ ಕರ್ಪೂರದಾನಿಗೂ ಕರ್ಪೂರ ಹೊರತು ಬೇರೆ ಎಣ್ಣೆ ಬೇಡ, ತಯಾರಿಸಿದವರೇ ಹೇಳಿದ್ದರೆ ಆ ಮಾತು ಬೇರೆ.

ಕಪಾಟು, ಮೇಜಿನ ಮೂಲೆ, ಚಪ್ಪಲಿ ಗೂಡಿಗೆ ಯಂತ್ರವೇ ಬೇಕಿಲ್ಲ. ಬಣ್ಣ ಹಚ್ಚದ ಸುಟ್ಟ ಮಣ್ಣಿನ ಬಿಲ್ಲೆಗೆ ನಾಲ್ಕೈದು ಹನಿ ತೆಳು ಎಣ್ಣೆ ಹಾಕಿದರೆ ಎರಡು ಮೂರು ದಿನ ಬರುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ನೇರ ಇಡಬೇಡಿ, ಪ್ಲಾಸ್ಟಿಕ್ ಕಲೆಯಾಗುತ್ತದೆ.

ಯಾವ ಯಂತ್ರವಾದರೂ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ನಡೆಸಿ ಅಷ್ಟೇ ಹೊತ್ತು ನಿಲ್ಲಿಸಿ, ಕಿಟಕಿ ಸ್ವಲ್ಪ ತೆರೆದಿರಲಿ. ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಹೋಗುತ್ತದೆ. ನಮಗೆ ಗೊತ್ತಾಗುತ್ತಿಲ್ಲ ಎಂದ ಮಾತ್ರಕ್ಕೆ ಘಮ ಮುಗಿದಿದೆ ಎಂದು ಹನಿ ಸೇರಿಸುತ್ತ ಹೋದರೆ ತಲೆನೋವು ಗ್ಯಾರಂಟಿ. ಹೊರಗೆ ಹೋಗಿ ಬಂದು ಮೂಸಿ ನೋಡಿ. ಕೈಗೂಸು ಇರುವ ಕೋಣೆಯಲ್ಲಿ ನೀಲಗಿರಿ, ಪುದೀನ, ಕರ್ಪೂರ ಬೇಡವೇ ಬೇಡ. ಜಿ6ಪಿಡಿ ಕೊರತೆ (ಕೆಲವು ವಸ್ತುಗಳು ಸೋಕಿದರೆ ಕೆಂಪು ರಕ್ತಕಣ ಒಡೆಯುವ ಹುಟ್ಟು ತೊಂದರೆ) ಇರುವ ಮಕ್ಕಳ ಮನೆಯಲ್ಲಿ ವೈದ್ಯರನ್ನು ಕೇಳದೆ ಕರ್ಪೂರ, ಮೆಂಥಾಲ್ ಬಳಸಬಾರದು. ಉಬ್ಬಸದವರಿದ್ದರೆ ಸಹಜ, ಕೃತಕ ಎಂಬ ಭೇದವಿಲ್ಲದೆ ಎರಡೂ ಕೆರಳಿಸಬಹುದು. ಬೆಕ್ಕಿನ ಯಕೃತ್ತಿಗೆ ಈ ಎಣ್ಣೆಗಳ ಹಲವು ಅಂಶಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಟೀ ಟ್ರೀ, ಲವಂಗ, ಚಕ್ಕೆ, ಪುದೀನ, ನಿಂಬೆ ಜಾತಿ ಅದಕ್ಕೆ ಒಗ್ಗದು. ಮಂಜಿನ ಹನಿ ಮೈಮೇಲೆ ಕೂತು, ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಗಿಳಿ ಸಾಕಿರುವ ಕೋಣೆಯಲ್ಲಿ ಯಾವ ಡಿಫ್ಯೂಸರೂ ಬೇಡ.

ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಕಂದು ಗಾಜು, ತಂಪಾದ ಕತ್ತಲೆ ಜಾಗ, ಬಿಗಿ ಮುಚ್ಚಳ ಇರಲಿ. ನಿಂಬೆ, ಕಿತ್ತಳೆ ಒಂದು ವರ್ಷದೊಳಗೆ ಮುಗಿಸುವಂತಿರಲಿ. ಟರ್ಪೆಂಟೈನಿನ ಘಾಟು ಬರತೊಡಗಿದರೆ, ಮುಚ್ಚಳದ ಸುತ್ತ ಅಂಟು ಕಟ್ಟಿದರೆ ಅದು ಗಾಳಿಗೆ ಕೆಟ್ಟಿದೆ, ಚರ್ಮಕ್ಕೂ ಕೆರೆತ ತರುತ್ತದೆ. ಶ್ರೀಗಂಧ, ಲಾವಂಚ, ಪಚೋಲಿ ವರ್ಷಗಟ್ಟಲೆ ಇಟ್ಟರೂ ಮಾಗುತ್ತವೆಯೇ ವಿನಾ ಕೆಡುವುದಿಲ್ಲ. ಕೆಟ್ಟ ಎಣ್ಣೆಯನ್ನಾಗಲಿ ರೀಡ್ ಬಾಟಲಿಯ ತಳದ ಮಡ್ಡಿಯನ್ನಾಗಲಿ ಸಿಂಕಿಗೆ ಸುರಿಯಬೇಡಿ. ಹಳೆಯ ಪೇಪರಿನಲ್ಲಿ ಹೀರಿಸಿ, ಬಯಲಲ್ಲಿ ಆರಿದ ಮೇಲೆ ಒಣ ಕಸಕ್ಕೆ ಹಾಕಿ.